ಇನ್ಶೂರೆನ್ಸ್ ಚಾಲ್ತಿಯಲ್ಲಿದ್ರೂ ‘ಇಲ್ಲ’ ಅಂತ ಕೇಸ್ ಹಾಕಿದ್ದಾರೆ, ದಂಡ ಕಟ್ಟಬೇಕಾ ಕೋರ್ಟಿಗೆ ಹೋಗಬೇಕಾ?

ಕೆಎ17_ಪಯಣಿಗ:

ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆ. ನಿನ್ನೆ ಶನಿವಾರ ಸಂಜೆ ಅಪ್ಪಾಜಿ ಬೈಕ್ ತಗೊಂಡು ಮಾರ್ಕೆಟ್ ಕಡೆ ಹೋಗ್ತಿದ್ದೆ, ತಲೆ ಮೇಲೆ ಹೆಲ್ಮೆಟ್ ಇತ್ತು, ಸಿಗ್ನಲ್ ಜಂಪ್ ಇಲ್ಲ, ತ್ರಿಬಲ್ ರೈಡಿಂಗ್ ಇಲ್ಲ, ಸರ್ಕಲ್ ಹತ್ರ ಕೈ ಅಡ್ಡ ಹಾಕಿ ನಿಲ್ಸಿದ್ರು. ಡಿಎಲ್ ಕೇಳಿದ್ರು ಕೊಟ್ಟೆ. ಆರ್‌ಸಿ ಕಾರ್ಡ್ ಮನೇಲಿತ್ತು. ಡಿಜಿಲಾಕರಲ್ಲಿ ತೋರಿಸೋಣ ಅಂದ್ರೆ ಗಾಡಿ ಅಪ್ಪಾಜಿ ಹೆಸರಲ್ಲಿರೋದ್ರಿಂದ ನನ್ನ ಅಕೌಂಟಲ್ಲಿ ಅದು ಬರೋದೇ ಇಲ್ಲ. ಆಮೇಲೆ ಅವ್ರು ತಮ್ಮ ಮಷಿನ್ನಲ್ಲಿ ಗಾಡಿ ನಂಬರ್ ಹೊಡೆದು ಇನ್ಶೂರೆನ್ಸ್ ಮುಗಿದೋಗಿದೆ ಅಂದ್ರು. ನಿಜ ಏನಂದ್ರೆ ಹಳೇ ಪಾಲಿಸಿ ಮಂಗಳವಾರಕ್ಕೆ ಮುಗಿದಿತ್ತು, ಗುರುವಾರ ರಾತ್ರಿ ನಾನೇ ಕೂತು ಆನ್‌ಲೈನಲ್ಲಿ ರಿನ್ಯೂ ಮಾಡ್ಸಿದೀನಿ, ಪಾಲಿಸಿ ಮೇಲೆ ಶುಕ್ರವಾರ 00:00 ಗಂಟೆಯಿಂದ ಅಂತ ಕ್ಲಿಯರ್ ಆಗಿ ಪ್ರಿಂಟ್ ಇದೆ. ಆದ್ರೆ ಪಿಡಿಎಫ್ ಬಂದಿದ್ದು ಅಪ್ಪಾಜಿ ಮೇಲ್‌ಗೆ, ಅವ್ರು ಮದುವೆ ಮನೇಲಿದ್ರು, ಫೋನ್ ಎತ್ತಲಿಲ್ಲ. ಹತ್ತು ನಿಮಿಷ ಟೈಮ್ ಕೊಡಿ ಸಾರ್ ತರಿಸ್ತೀನಿ ಅಂತ ಕೇಳ್ಕೊಂಡೆ, ಹಿಂದೆ ಲೈನ್ ಇದೆ ಆಮೇಲೆ ನೋಡ್ಕೊಳಿ ಅಂತ ಚಲನ್ ಹರಿದು ಕೊಟ್ರು. ಇನ್ಶೂರೆನ್ಸ್ ಇಲ್ಲದ್ದಕ್ಕೆ ಮೋಟಾರು ವಾಹನ ಕಾಯಿದೆ ಸೆಕ್ಷನ್ 196 ಹಾಕಿ 1000, ದಾಖಲೆ ತೋರಿಸದ್ದಕ್ಕೆ 177 ಹಾಕಿ 500, ಒಟ್ಟು 1500.

ಅಪ್ಪಾಜಿ ರಿಟೈರ್ಡ್ ಮೇಷ್ಟ್ರು, ಇಷ್ಟು ವರ್ಷದಲ್ಲಿ ಒಂದು ದಿನ ಸ್ಟೇಷನ್ ಮೆಟ್ಲು ಹತ್ತಿದವರಲ್ಲ. ಮೆಸೇಜ್ ಅವ್ರ ನಂಬರಿಗೇ ಹೋಗಿದೆ, ರಾತ್ರಿ ಊಟ ಸರಿಯಾಗಿ ಮಾಡ್ಲಿಲ್ಲ, ‘ಪೊಲೀಸು ಕೋರ್ಟು ಅಂತ ಅಲೆಯೋದು ಬೇಡಪ್ಪ, ಕಟ್ಟಿ ಬಿಡು’ ಅಂತಿದ್ದಾರೆ. ದುಡ್ಡು ಹೊಂದಿಸಬಹುದು, ಆದ್ರೆ ಇರೋ ಇನ್ಶೂರೆನ್ಸನ್ನ ಇಲ್ಲ ಅಂತ ಒಪ್ಕೊಂಡು ಕಟ್ಟೋಕೆ ಮನಸ್ಸು ಒಪ್ತಿಲ್ಲ. ಇದನ್ನ ಪ್ರಶ್ನೆ ಮಾಡೋ ದಾರಿ ಇದೆಯಾ? ಗೊತ್ತಿರೋರು ದಯವಿಟ್ಟು ಹೇಳಿ.

---

ಸಿಲ್ಕ್‌ಬೋರ್ಡ್_ವಾಸಿ:

ಬ್ರೋ ನನ್ನ ಕೇಳಿದ್ರೆ ಕಟ್ಟಿ ಮುಗಿಸಿ. ಕೋರ್ಟು ಅಂದ್ರೆ ಒಂದು ದಿನ ರಜೆ, ಲಾಯರ್ ಫೀಸು, ಎಲ್ಲಾ ಸೇರಿ 1500ಕ್ಕಿಂತ ಜಾಸ್ತಿನೇ ಆಗುತ್ತೆ. ಇಲ್ಲಾಂದ್ರೆ ಸುಮ್ನೆ ಬಿಟ್ಟಿರಿ, ಸರ್ಕಾರದವರು ಆಗಾಗ 50% ಡಿಸ್ಕೌಂಟ್ ಬಿಡ್ತಾರೆ, 2023 ಫೆಬ್ರವರಿಲಿ ಬಿಟ್ರು, 2025 ಆಗಸ್ಟಲ್ಲೂ ಬಿಟ್ರು, ಆವಾಗ ಅರ್ಧಕ್ಕೆ ಕ್ಲಿಯರ್ ಮಾಡ್ಕೊಬಹುದು. ನಮ್ಮ ಆಫೀಸಲ್ಲಿ ಸುಮಾರು ಜನ ಹಾಗೇ ಮಾಡಿದ್ದು.

---

ಕರಿಕೋಟು_ಶಿವಮೊಗ್ಗ:

ಕಟ್ಟಬೇಡಿ, ಸುಮ್ನೆ ಬಿಡಲೂಬೇಡಿ. ನಾನು ವಕೀಲೆ, ಟ್ರಾಫಿಕ್ ಕೇಸುಗಳನ್ನ ನೋಡ್ತಾ ಇರ್ತೀನಿ, ಸ್ವಲ್ಪ ಉದ್ದ ಬರೀತೀನಿ, ನಿಧಾನಕ್ಕೆ ಓದಿ.

ನಿಮ್ಮ ಚಲನ್ನಲ್ಲಿ ಎರಡು ಬೇರೆಬೇರೆ ಆರೋಪ ಇದೆ, ಅವನ್ನ ಒಟ್ಟಿಗೆ ಸೇರಿಸಿ ಯೋಚನೆ ಮಾಡೋದಕ್ಕೇ ಜನ ಸೋಲೋದು. 196 ಅಂದ್ರೆ ಇನ್ಶೂರೆನ್ಸೇ ಇಲ್ಲದೆ ಗಾಡಿ ಓಡಿಸೋದು. ಇನ್ಶೂರೆನ್ಸ್ ಇದ್ದು ಆ ಹೊತ್ತಿಗೆ ಕೈಯಲ್ಲಿ ಕಾಗದ ಇರಲಿಲ್ಲ ಅನ್ನೋದು ಬೇರೆ ವಿಷಯ, ಅದು ಬಹಳ ಸಣ್ಣದು. ಪಾಲಿಸಿ ಶುಕ್ರವಾರದಿಂದ ಶುರುವಾಗಿದ್ದು, ಚಲನ್ ಶನಿವಾರದ್ದು ಅಂದ್ಮೇಲೆ 196 ನಿಲ್ಲೋದೇ ಇಲ್ಲ. ಅದನ್ನ ನೀವು ಕಟ್ಟಿದ್ರೆ ತಪ್ಪು ಒಪ್ಕೊಂಡು ರಾಜಿ ಮಾಡ್ಕೊಂಡ ಹಾಗೆ, ಸೆಕ್ಷನ್ 200ರ ಪ್ರಕಾರ ಅಲ್ಲಿಗೆ ಕೇಸ್ ಮುಗೀತು, ಆಮೇಲೆ ಪಾಲಿಸಿ ಇತ್ತು ಅಂತ ಯಾರ ಹತ್ರ ಹೋದ್ರೂ ಕೇಳೋರಿರಲ್ಲ. ಮುಂದೆ ಯಾವಾಗಾದ್ರೂ ನಿಜವಾಗ್ಲೂ ಪಾಲಿಸಿ ತಪ್ಪಿ ಸಿಕ್ಕಿಹಾಕೊಂಡ್ರೆ ಎರಡನೇ ಸಲ ಅಂತ ಲೆಕ್ಕ ಹಾಕೋಕೂ ಅವಕಾಶ ಆಗುತ್ತೆ, ಕಾಯಿದೆಯಲ್ಲಿ ಮೊದಲ ಸಲಕ್ಕೆ 2000 ಇರೋದು ಎರಡನೇ ಸಲಕ್ಕೆ 4000.

ಈಗ ಮುಖ್ಯ ವಿಷಯ, ದಿನದ ಲೆಕ್ಕ. ‘15 ದಿನದಲ್ಲಿ ತೋರಿಸಿದ್ರೆ ಸಾಕು’ ಅಂತ ವಾಟ್ಸಾಪಲ್ಲಿ ಓಡಾಡ್ತಾ ಇರುತ್ತೆ. ಅದು ಸೆಕ್ಷನ್ 130ರಲ್ಲಿ ಆರ್‌ಟಿಒ ಕಡೆ ಅಧಿಕಾರಿಗಳು ಇನ್ಶೂರೆನ್ಸು ಪರ್ಮಿಟ್ಟು ಇಂಥವನ್ನ ಕೇಳಿದಾಗಿನ ಮಾತು. ಪೊಲೀಸರು ಇನ್ಶೂರೆನ್ಸ್ ಕೇಳಿದಾಗ ನೀವು ನೋಡಬೇಕಾದ್ದು ಸೆಕ್ಷನ್ 158. ಕೇಳಿದ ದಿನದಿಂದ 7 ದಿನದೊಳಗೆ ಪಾಲಿಸಿಯನ್ನ ಸ್ಟೇಷನ್ನಲ್ಲಿ ಹಾಜರುಪಡಿಸಿದ್ರೆ, ಸ್ಥಳದಲ್ಲಿ ತೋರಿಸಲಿಲ್ಲ ಅನ್ನೋ ಕಾರಣಕ್ಕೆ ಶಿಕ್ಷೆ ಮಾಡೋ ಹಾಗಿಲ್ಲ ಅಂತ ಅದ್ರಲ್ಲೇ ಇದೆ. ಯಾವ ಸ್ಟೇಷನ್ನಲ್ಲಿ ತೋರಿಸ್ತೀನಿ ಅಂತ ಆ ಅಧಿಕಾರಿಗೆ ಹೇಳಬೇಕು ಅಂತಲೂ ಇದೆ, ನೀವು ಹೇಳಿಲ್ಲದಿದ್ರೆ ಚಲನ್ ಹಾಕಿದ ಸ್ಟೇಷನ್ನಿಗೇ ಹೋಗಿ, ಅಲ್ಲಿ ತಕರಾರು ಬರೋದು ಕಮ್ಮಿ. ನಿಮಗೆ ಇನ್ನೂ ಟೈಮ್ ಇದೆ, ನಾಳೆ ಸೋಮವಾರ ಬೆಳಿಗ್ಗೆನೇ ಹೋಗಿ. ಈ ಏಳು ದಿನದ ಮಾತನ್ನ ಲಾರಿ ಟ್ಯಾಕ್ಸಿಯವರು ಹಾಗೇ ನಂಬ್ಕೊಬೇಡಿ, ಸಾರಿಗೆ ವಾಹನಗಳಿಗೆ ಅದು ನೇರವಾಗಿ ಅನ್ವಯ ಆಗಲ್ಲ.

ಹೋಗೋವಾಗ ಪಾಲಿಸಿ ಪೂರ್ತಿ ಪ್ರಿಂಟ್ (ಮೊದಲ ಪುಟ ಒಂದೇ ಅಲ್ಲ), ದುಡ್ಡು ಕಟ್ಟಿದ ರಸೀದಿ, ಆರ್‌ಸಿ, ಎಮಿಷನ್ ಸರ್ಟಿಫಿಕೇಟ್, ಚಲನ್ ಕಾಪಿ ತಗೊಂಡೋಗಿ. ಇನ್ಸ್‌ಪೆಕ್ಟರ್ ಹೆಸರಿಗೆ ಅಲ್ಲ, ಹುದ್ದೆಗೆ ಒಂದು ಅರ್ಜಿ ಬರೀರಿ, ಕನ್ನಡದಲ್ಲೇ ಬರೀರಿ, ಒಂದು ಪುಟ ಸಾಕು: ಇಂಥ ದಿನ ಇಂಥ ಗಂಟೆಗೆ ಈ ನಂಬರಿನ ಚಲನ್, ಆ ಹೊತ್ತಿಗೆ ಈ ನಂಬರಿನ ಪಾಲಿಸಿ ಚಾಲ್ತಿಯಲ್ಲಿತ್ತು, ದಾಖಲೆ ಲಗತ್ತಿಸಿದ್ದೇನೆ, ಪರಿಶೀಲಿಸಿ 196 ಕೈಬಿಡಬೇಕಾಗಿ ಕೋರಿಕೆ. ಎರಡು ಪ್ರತಿ ಮಾಡಿ, ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು ಸಹಿ ತಾರೀಖು ಹಾಕಿಸ್ಕೊಂಡು ಬನ್ನಿ. ಸೀಲ್ ಹಾಕಲ್ಲ ಅಂದ್ರೆ ಜಗಳ ಬೇಡ, ಅದೇ ಅರ್ಜಿನ ಅವತ್ತೇ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಪೋಸ್ಟಾಫೀಸ್ ರಸೀದಿ ಜೋಪಾನ ಮಾಡಿ. ನಾಳೆ ಯಾರಾದ್ರೂ ನೀವು ತೋರಿಸಲೇ ಇಲ್ಲ ಅಂದ್ರೆ ಆ ತಾರೀಖೇ ನಿಮ್ಮ ಕಡೆ ಮಾತಾಡೋದು.

ಸಿಲ್ಕ್‌ಬೋರ್ಡ್ ಅವ್ರೆ, ಡಿಸ್ಕೌಂಟ್ ಇರೋದು ತಪ್ಪು ಮಾಡಿ ಬಾಕಿ ಉಳಿಸ್ಕೊಂಡೋರು ಕಟ್ಟಲಿ ಅಂತ. ತಪ್ಪೇ ಮಾಡದವರು ಅರ್ಧ ದಂಡ ಯಾಕೆ ಕಟ್ಟಬೇಕು?

---

ಹುಬ್ಬಳ್ಳಿ_ಪಾಲಿಸಿ:

ನಾನು ಇನ್ಶೂರೆನ್ಸ್ ಏಜೆಂಟ್ ಅದೀನ್ರಿ, ಇಂಥಾ ಕೇಸು ನಮ್ಮ ಕಸ್ಟಮರ್‌ಗೆ ಬರ್ತಾನ ಇರ್ತಾವ. ಕಾರಣ ಏನಂದ್ರ ಪೊಲೀಸರ ಮಷಿನ್ನಿನ್ಯಾಗ ಕಾಣೋದು ‘ವಾಹನ್’ ಅನ್ನೋ ಸರ್ಕಾರದ ಗಾಡಿ ಡೇಟಾ, ಅಲ್ಲಿಗೆ ಇನ್ಶೂರೆನ್ಸ್ ಕಂಪನಿಯಿಂದ ಹೊಸ ಪಾಲಿಸಿ ಮಾಹಿತಿ ಹೋಗಿ ಕೂಡ್ರಬೇಕು. ಒಮ್ಮೊಮ್ಮೆ ಅವತ್ತೇ ಹೋಗ್ತೈತಿ, ಒಮ್ಮೊಮ್ಮೆ ಸ್ವಲ್ಪ ದಿನ ಹಿಡೀತೈತಿ, ಅದ್ರಾಗೂ ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಬದಲಿ ಮಾಡಿದ್ರ, ಇಲ್ಲಾ ಗಾಡಿ ನಂಬರಿನ್ಯಾಗ ಚಾಸಿ ನಂಬರಿನ್ಯಾಗ ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರ ಅದು ಕೂಡ್ರೂದ ಇಲ್ಲ. ನಿಮ್ಮ ಪಾಲಿಸಿ ತಗದು ಚಾಸಿ ನಂಬರ್ ಇಂಜಿನ್ ನಂಬರ್ ಆರ್‌ಸಿ ಜೋಡಿ ಒಂದೊಂದ ಅಕ್ಷರ ತಾಳೆ ಹಾಕಿ ನೋಡ್ರಿ. ತಪ್ಪಿದ್ದರ ಕಂಪನಿಗೆ ಮೇಲ್ ಹಾಕಿ ತಿದ್ದುಪಡಿ ಮಾಡಿಸ್ರಿ, ಇಲ್ಲಾಂದ್ರ ಮುಂದಿನ ಸರ್ಕಲ್‌ನ್ಯಾಗ ಮತ್ತ ಇದ ಕತಿ.

ಇನ್ನೊಂದು, ಕಂಪನಿ ಬ್ರಾಂಚಿಗೆ ಹೋಗಿ ‘ಈ ಪಾಲಿಸಿ ಇಂಥ ತಾರೀಖು ಇಂಥ ಗಂಟೆಯಿಂದ ಚಾಲ್ತಿಯಲ್ಲಿದೆ’ ಅಂತ ಲೆಟರ್‌ಹೆಡ್ ಮ್ಯಾಲ ಸೀಲು ಹಾಕಿ ಬರೆಸಿಕೊಂಡು ಬರ್ರಿ. ಅದಕ್ಕ ದುಡ್ಡು ಏನೂ ತಗೊಳ್ಳಂಗಿಲ್ಲ. ಪಿಡಿಎಫ್ ಪ್ರಿಂಟಿಗಿಂತ ಆ ಕಾಗದಕ್ಕ ಬೆಲಿ ಜಾಸ್ತಿ, ಯಾಕಂದ್ರ ಸ್ಟೇಷನ್ನಿನ್ಯಾಗ ಮೊದಲ ಬರೋ ಅನುಮಾನ ‘ಹಿಡಿದ ಮ್ಯಾಲ ಹೋಗಿ ಮಾಡಿಸ್ಯಾರ’ ಅಂತ. ಹಂಗ ಮಾಡೋರೂ ಅದಾರ, ಅದಕ್ಕ ಅವರು ಗಂಟೆ ನಿಮಿಷ ನೋಡ್ತಾರ. ನಿಮ್ಮದು ಶುಕ್ರವಾರದಿಂದ ಐತಿ ಅಂದ ಮ್ಯಾಲ ಅಂಜಬ್ಯಾಡ್ರಿ.

ಮತ್ತ ತಮ್ಮಾ, ಮಂಗಳವಾರ ಮುಗಿದು ಶುಕ್ರವಾರ ಶುರು ಅಂದ್ರ ನಡುವ ಗಾಡಿಗೆ ಯಾವ ರಕ್ಷಣೆನೂ ಇರಲಿಲ್ಲ. ಆ ದಿನದಾಗ ಏನರ ಆಗಿ ಎದುರಿನವರಿಗೆ ಪೆಟ್ಟಾಗಿದ್ರ ಪರಿಹಾರ ನಿಮ್ಮಪ್ಪಾಜಿ ಪೆನ್ಶನ್ನಿನ್ಯಾಗಿಂದ ಹೋಗ್ತಿತ್ತು. ಚಲನ್ 1000 ರೂಪಾಯಿ ಮಾತು, ಅದು ಲಕ್ಷದ ಮಾತು. ಮುಂದಿನ ವರ್ಷ ಮುಗಿಯೋ ಮೊದಲ ಮಾಡಿಸ್ರಿ.

---

ಕುಡ್ಲ_ರೈಡರ್:

ನನಗೊಂದು ಡೌಟ್ ಉಂಟು. ಸುಮ್ನೆ ಡಾಕ್ಯುಮೆಂಟ್ ಚೆಕ್ ಮಾಡ್ಲಿಕ್ಕೆ ಗಾಡಿ ನಿಲ್ಲಿಸುವ ಹಾಗೆ ಇಲ್ಲ ಅಂತ ಆರ್ಡರೇ ಉಂಟಲ್ಲ? 2022ರ ಜೂನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಟ್ವಿಟರಲ್ಲೇ ಹೇಳಿದ್ದು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ರೆ ದಾಖಲೆ ನೋಡ್ಲಿಕ್ಕೆ ಅಂತ ಮಾತ್ರ ನಿಲ್ಲಿಸಬಾರದು ಅಂತ, ಕುಡಿದು ಓಡಿಸುವವರ ತಪಾಸಣೆ ಬೇರೆ. ಮತ್ತೆ 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ಅಡ್ಡಗಟ್ಟಿದಾಗ ಬಿದ್ದು ಆ ಸಣ್ಣ ಮಗು ಹೋಯ್ತಲ್ಲ, ಅದರ ನಂತರವೂ ಇಲಾಖೆಯಿಂದ ಅದೇ ಸೂಚನೆ ಬಂತು, ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ಕೊಳ್ಳಬಾರದು, ಬೆನ್ನಟ್ಟಬಾರದು ಅಂತ. ಇವರು ಹೆಲ್ಮೆಟ್ ಹಾಕಿ ಸರಿಯಾಗಿ ಹೋಗ್ತಿದ್ದವರು, ನಿಲ್ಲಿಸಿದ್ದೇ ತಪ್ಪು ಅಂತ ಕೋರ್ಟಲ್ಲಿ ಹೇಳಿದ್ರೆ ಆಗುದಿಲ್ವಾ?

---

ಕರಿಕೋಟು_ಶಿವಮೊಗ್ಗ:

@ಕುಡ್ಲ_ರೈಡರ್ ಒಳ್ಳೇ ಪ್ರಶ್ನೆ. ಸೂಚನೆ ಇರೋದು ನಿಜ, ಮಂಡ್ಯದ ಆ ಮಗುವಿನ ಸುದ್ದಿ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ, ಆ ಸೂಚನೆಯನ್ನ ಪ್ರತಿ ಸರ್ಕಲ್ಲಲ್ಲೂ ಪಾಲಿಸಬೇಕು. ಆದ್ರೆ ಅದು ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆ. ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ ದಾಖಲೆ ಕೇಳೋ ಅಧಿಕಾರ ಬಂದಿರೋದು ಕಾಯಿದೆಯಿಂದ, ಸೂಚನೆ ಆ ಅಧಿಕಾರವನ್ನ ತೆಗೆದು ಹಾಕಲ್ಲ. ‘ನಿಲ್ಲಿಸಿದ್ದೇ ತಪ್ಪು, ಅದಕ್ಕೆ ಚಲನ್ ರದ್ದು ಮಾಡಿ’ ಅನ್ನೋ ವಾದ ಒಂದನ್ನೇ ಹಿಡ್ಕೊಂಡು ಹೋದ್ರೆ ಕೇಸ್ ದುರ್ಬಲ ಆಗುತ್ತೆ. ಸಿಬ್ಬಂದಿ ನಡ್ಕೊಂಡ ರೀತಿ ಬಗ್ಗೆ ದೂರು ಕೊಡೋದಿದ್ರೆ ಎಸ್‌ಪಿ ಆಫೀಸಿಗೆ ಬೇರೆ ಕೊಡಿ, ಚಲನ್ ಅರ್ಜಿ ಜೊತೆ ಕಲಸಬೇಡಿ. ಕಲಸಿದ್ರೆ ಸ್ಟೇಷನ್ನವರೂ ಹಟಕ್ಕೆ ಬೀಳ್ತಾರೆ.

ಈಗ ಆ 177ರ 500 ರೂಪಾಯಿ ವಿಷಯ. ಇದಕ್ಕೂ ದಾರಿ ಇದೆ, ಆದ್ರೆ 196ರಷ್ಟು ಗಟ್ಟಿ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲಿ ತಿದ್ದುಪಡಿ ಆಗಿ ದಾಖಲೆಗಳನ್ನ ಮೊಬೈಲಲ್ಲೂ ತೋರಿಸಬಹುದು ಅಂತಾಯ್ತು, 2020 ಅಕ್ಟೋಬರ್ 1ರಿಂದ ಇನ್ನೊಂದು ಸೇರ್ಪಡೆ ಆಯ್ತು, ಆನ್‌ಲೈನಲ್ಲಿ ನೋಡಿ ದಾಖಲೆ ಸರಿ ಇದೆ ಅಂತ ಖಾತ್ರಿ ಆದ್ರೆ ಮತ್ತೆ ಕಾಗದ ಕೇಳಬಾರದು ಅಂತ. ಅವ್ರ ಮಷಿನ್ನಲ್ಲಿ ನಂಬರ್ ಹೊಡೆದ ತಕ್ಷಣ ಗಾಡಿ ಮಾಲೀಕರ ಹೆಸರು, ರಿಜಿಸ್ಟ್ರೇಷನ್ ಎಲ್ಲಿವರೆಗೆ ಅಂತ ಬಂದಿರುತ್ತೆ ಅಲ್ವಾ? ಹಾಗಿದ್ಮೇಲೆ ಆರ್‌ಸಿ ಕಾರ್ಡ್ ಕೈಯಲ್ಲಿಲ್ಲ ಅಂತ ದಂಡ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ. ಅರ್ಜಿಯಲ್ಲಿ ಇದಕ್ಕೆ ಒಂದು ಪ್ಯಾರಾ ಸೇರಿಸಿ.

ಅಪಾಯನೂ ಹೇಳ್ಬಿಡ್ತೀನಿ, ಆಮೇಲೆ ಮೇಡಂ ಹೇಳಲಿಲ್ಲ ಅನ್ಬಾರದು. ನಿಮಗೆ ಬಂದಿರೋ 1000 ಅನ್ನೋದು ಬೈಕುಗಳಿಗೆ ಕರ್ನಾಟಕ ಸರ್ಕಾರ 2019 ಸೆಪ್ಟೆಂಬರಲ್ಲಿ ಇಳಿಸಿದ ರಾಜಿ ದಂಡ, ಅಂದ್ರೆ ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸೋ ದಂಡ. ಕೋರ್ಟಲ್ಲಿ ವಾದ ಮಾಡಿ ಸೋತ್ರೆ ಮ್ಯಾಜಿಸ್ಟ್ರೇಟ್ ಕಾಯಿದೆಯಲ್ಲಿರೋ ಪೂರ್ತಿ 2000 ಹಾಕಬಹುದು, 196ಕ್ಕೆ ಮೂರು ತಿಂಗಳವರೆಗೆ ಜೈಲು ಅಂತಲೂ ಬರೆದಿದೆ. ಪಾಲಿಸಿ ನಿಜವಾಗ್ಲೂ ಇಲ್ಲದವರು ಈ ಥ್ರೆಡ್ ಓದಿ ಕೋರ್ಟಿಗೆ ಹೊರಡಬೇಡಿ, ಕಟ್ಟಿ ಮುಗಿಸಿ, ಮೊದಲು ಪಾಲಿಸಿ ಮಾಡ್ಸಿ.

---

ಕೆಎ17_ಪಯಣಿಗ:

ಮೇಡಂ ತುಂಬಾ ಥ್ಯಾಂಕ್ಸ್, ಹುಬ್ಬಳ್ಳಿ ಅಣ್ಣನಿಗೂ. ನೀವು ಹೇಳಿದ ಹಾಗೆ ತಾಳೆ ಹಾಕಿದೆ, ಚಾಸಿ ನಂಬರ್ ಸರಿ ಇದೆ, ಕಂಪನಿ ಮಾತ್ರ ಈ ಸಲ ಬದಲಾಯಿಸಿದ್ದು, ಅದಕ್ಕೇ ಲೇಟ್ ಆಗಿರಬೇಕು. ಅಪ್ಪಾಜಿಗೆ 158 ಓದಿ ಹೇಳಿದೆ, ಕಾನೂನಲ್ಲೇ ಇದೆ ಅಂದ್ಮೇಲೆ ಹೋಗೋಣ ನಾನೂ ಬರ್ತೀನಿ ಅಂದ್ರು. ಎರಡು ಪ್ರಶ್ನೆ: ಚಲನ್ ಅಪ್ಪಾಜಿ ಹೆಸರಿಗೆ ಬಂದಿದೆ, ಓಡಿಸ್ತಿದ್ದಿದ್ದು ನಾನು, ಕೋರ್ಟಿಗೆ ಹೋಗೋ ಪರಿಸ್ಥಿತಿ ಬಂದ್ರೆ ಅವ್ರು ನಿಲ್ಬೇಕಾ? ಇನ್ನೊಂದು, ಇವತ್ತು ವಾಟ್ಸಾಪಲ್ಲಿ ‘ನಿಮ್ಮ ಚಲನ್ ಬಾಕಿ ಇದೆ’ ಅಂತ ಒಂದು ಫೈಲ್ ಬಂದಿದೆ, ಕೊನೇಲಿ ಎಪಿಕೆ ಅಂತಿದೆ, ಅದನ್ನ ಓಪನ್ ಮಾಡಿ ತಕರಾರು ಹಾಕಬೇಕಾ?

---

ಮೊಬೈಲ್_ರಿಪೇರಿ_ತುಮಕೂರು:

ಆ ಎಪಿಕೆ ಫೈಲ್ ಮುಟ್ಟಲೇಬೇಡಿ ದಯವಿಟ್ಟು!! ಡಿಲೀಟ್ ಮಾಡಿ ನಂಬರ್ ಬ್ಲಾಕ್ ಮಾಡಿ. ಚಲನ್ ಹೆಸರಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡಿಸಿ ಓಟಿಪಿ ಎಲ್ಲಾ ಓದ್ಕೊಂಡು ಅಕೌಂಟ್ ಖಾಲಿ ಮಾಡೋ ಗ್ಯಾಂಗು ಅದು, ನಮ್ಮ ಅಂಗಡಿಗೆ ಇದೇ ಕಂಪ್ಲೇಂಟ್ ತಗೊಂಡು ಅಳ್ತಾ ಬರ್ತಾರೆ ಜನ. ಮುಖ್ಯವಾಗಿ ಅಪ್ಪಾಜಿ ಫೋನ್ ಒಂದ್ಸಲ ನೋಡಿ, ಅವ್ರಿಗೂ ಬಂದಿರಬಹುದು, ಒತ್ತಿಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಬ್ಯಾಂಕಿಗೂ ಹೇಳಿ. ಪೊಲೀಸರು ಯಾರೂ ವಾಟ್ಸಾಪಲ್ಲಿ ಆ್ಯಪ್ ಕಳಿಸಲ್ಲ. ಚಲನ್ ನೋಡಬೇಕಾದ್ರೆ ಕರ್ನಾಟಕ ಒನ್, ಪೊಲೀಸ್ ಇಲಾಖೆ ಆ್ಯಪ್, ಇಲ್ಲಾ ಪರಿವಾಹನ್ ಇ-ಚಲನ್ ಸೈಟು, ವಿಳಾಸ ಗವ್ ಡಾಟ್ ಇನ್ ಅಂತ ಮುಗಿದಿದ್ಯಾ ನೋಡಿ ನೀವೇ ಟೈಪ್ ಮಾಡಿ ಹೋಗಿ, ಬಂದ ಲಿಂಕ್ ಒತ್ತಬೇಡಿ.

---

ಕರಿಕೋಟು_ಶಿವಮೊಗ್ಗ:

196 ಓಡಿಸಿದವರ ಮೇಲೂ ಬರುತ್ತೆ, ಓಡಿಸೋಕೆ ಕೊಟ್ಟ ಮಾಲೀಕರ ಮೇಲೂ ಬರುತ್ತೆ, ಅದಕ್ಕೆ ಅಪ್ಪಾಜಿ ಹೆಸರು ಬಂದಿದೆ. ಗಾಬರಿ ಬೇಡ. ಇಂಥ ಸಣ್ಣ ಕೇಸುಗಳಲ್ಲಿ ಸೆಕ್ಷನ್ 208 ಪ್ರಕಾರ ಬರೋ ಸಮನ್ಸಲ್ಲಿ ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬಹುದು ಅಂತ ಸಾಮಾನ್ಯವಾಗಿ ಇರುತ್ತೆ. ಅದೇ ಸಮನ್ಸಲ್ಲಿ ತಪ್ಪೊಪ್ಪಿಕೊಂಡು ಇಷ್ಟು ಹಣ ಕಳಿಸಿ ಅನ್ನೋ ಆಯ್ಕೆನೂ ಇರುತ್ತೆ, ಹಿರಿಯರು ಹೆದ್ರಿಕೊಂಡು ಅದನ್ನೇ ಮಾಡ್ಬಿಡ್ತಾರೆ, ಅದು ಬೇಡ. ವಕೀಲರ ಫೀಸು ಕಷ್ಟ ಅನ್ನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಕೋರ್ಟ್ ಆವರಣದಲ್ಲೇ ಆಫೀಸ್ ಇರುತ್ತೆ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಕಮ್ಮಿ ಆದಾಯದವರಿಗೆ ಉಚಿತ.

ಬೆಂಗಳೂರಿನವರಿಗೆ ಒಂದು ಮಾತು: ಕೇಸ್ ವರ್ಚುವಲ್ ಕೋರ್ಟಿಗೆ (ಆನ್‌ಲೈನ್ ಕೋರ್ಟ್) ಹೋಗಿದ್ರೆ ಅಲ್ಲಿ ದಂಡ ಕಟ್ಟೋದು ಅಂತ ಒಂದು, ಪ್ರಶ್ನಿಸೋದು ಅಂತ ಇನ್ನೊಂದು ಆಯ್ಕೆ ಇರುತ್ತೆ. ಪ್ರಶ್ನಿಸೋದು ಒತ್ತಿದ್ರೆ ಫೈಲು ಮಾಮೂಲಿ ಕೋರ್ಟಿಗೆ ಬರುತ್ತೆ, ಆಮೇಲೆ ಅಲ್ಲಿ ತಾರೀಖಿಗೆ ಹೋಗ್ಲೇಬೇಕು.

---

ಕೆಎ17_ಪಯಣಿಗ:

ಅಪ್ಡೇಟ್. ಬೆಳಿಗ್ಗೆ ನಾನು ಅಪ್ಪಾಜಿ ಇಬ್ರೂ ಮೊದಲು ಇನ್ಶೂರೆನ್ಸ್ ಬ್ರಾಂಚಿಗೆ ಹೋಗಿ ಲೆಟರ್ ತಗೊಂಡು ಅಲ್ಲಿಂದ ಸ್ಟೇಷನ್ನಿಗೆ ಹೋದ್ವಿ. ಮೊದಲು ರೈಟರ್ ‘ಮಷಿನ್ನಲ್ಲಿ ಹಾಕಿದ್ದು ಇಲ್ಲಿ ತೆಗೆಯೋಕೆ ಬರಲ್ಲ’ ಅಂದ್ರು, ನಾವು ವಾದ ಮಾಡ್ಲಿಲ್ಲ, ಅರ್ಜಿ ತಗೊಂಡು ಸೀಲ್ ಹಾಕಿಕೊಡಿ ಸಾಕು ಅಂದ್ವಿ. ಅಷ್ಟರಲ್ಲಿ ಸಾಹೇಬ್ರು ಬಂದ್ರು, ಅಪ್ಪಾಜಿನ ಕೂರಿಸಿ ಮಾತಾಡಿಸಿದ್ರು, ಅವ್ರ ಮುಂದೆನೇ ನಂಬರ್ ಹಾಕಿ ನೋಡಿದ್ರೆ ಈಗ ಹೊಸ ಪಾಲಿಸಿ ಬರ್ತಾ ಇದೆ! ಶುರುವಾದ ತಾರೀಖು ಶುಕ್ರವಾರ ಅಂತಲೇ ಇದೆ. 196 ಕೈಬಿಡೋಕೆ ಮೇಲಿನವರಿಗೆ ಬರೀತೀವಿ ಅಂದ್ರು. 500ರ ಬಗ್ಗೆ ಮಾತ್ರ ‘ಅದು ನಮ್ಮ ಕೈಲಿಲ್ಲ, ಕಟ್ಟಿ ಇಲ್ಲಾ ಕೋರ್ಟಲ್ಲಿ ಹೇಳಿ’ ಅಂದ್ರು. ಸೀಲ್ ಹಾಕಿದ ಕಾಪಿ ಸಿಕ್ತು. ಎರಡೂ ಒಂದೇ ಚಲನ್ನಲ್ಲಿರೋದ್ರಿಂದ ಈಗ 500 ಮಾತ್ರ ಕಟ್ಟಿದ್ರೆ ತೊಂದ್ರೆ ಆಗುತ್ತಾ?

---

ಕರಿಕೋಟು_ಶಿವಮೊಗ್ಗ:

ತುಂಬಾ ಖುಷಿ ಆಯ್ತು, ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ. ಈಗ್ಲೇ ಏನೂ ಕಟ್ಟಬೇಡಿ. ಆನ್‌ಲೈನಲ್ಲಿ ಕಟ್ಟೋಕೆ ಹೋದ್ರೆ ಪೂರ್ತಿ ಚಲನ್ನಿಗೇ ದುಡ್ಡು ಕೇಳಬಹುದು, ಆಗ 196ನೂ ಒಪ್ಕೊಂಡ ಹಾಗಾಗುತ್ತೆ. ಆಗಾಗ ಚಲನ್ ತೆಗೆದು ನೋಡ್ತಾ ಇರಿ, 196 ಹೋಗಿ ಬರೀ 500 ಉಳಿದ ಮೇಲೆ ಅದನ್ನ ಕಟ್ಟೋದೋ ವಾದ ಮಾಡೋದೋ ನಿಮ್ಮಿಷ್ಟ. 177ಕ್ಕೆ ಬರೀ ದಂಡ ಮಾತ್ರ ಶಿಕ್ಷೆ, ಅಂಥ ಅಪರಾಧವನ್ನ ಆರು ತಿಂಗಳೊಳಗೆ ಕೋರ್ಟ್ ವಿಚಾರಣೆಗೆ ತಗೋಬೇಕು, 196ಕ್ಕೆ ಒಂದು ವರ್ಷ. ಅದರೊಳಗೆ ಸಮನ್ಸ್ ಬಂದ್ರೆ ಸೀಲ್ ಇರೋ ಕಾಪಿ, ಬ್ರಾಂಚ್ ಲೆಟರು, ಪಾಲಿಸಿ ಮೂರನ್ನೂ ತಗೊಂಡು ಹೋಗಿ. ಮತ್ತೆ ಅಪ್ಪಾಜಿ ಡಿಜಿಲಾಕರಿಂದ ಆರ್‌ಸಿ ಪಿಡಿಎಫ್ ಇಳಿಸಿ ನಿಮ್ಮ ಫೋನಲ್ಲಿ ಇಟ್ಕೊಳಿ, ಬರೀ ಪಿಡಿಎಫ್ ಒಪ್ಪಲ್ಲ ಅನ್ನೋರೂ ಸಿಗ್ತಾರೆ, ಅದಕ್ಕೆ ಎಂಪರಿವಾಹನ್ ಆ್ಯಪಲ್ಲೂ ಕೇಳಿದ ವಿವರ ಕೊಟ್ಟು ಆ ಗಾಡಿ ಸೇರಿಸ್ಕೊಳಿ.